ಉಳಿದದ್ದೆಲ್ಲ ನನ್ನ ಹೊಟ್ಟೆಗೆ

ನಿಮ್ಮ ಮನೆಯಲ್ಲೂ ಹೀಗೇ ಇರಬಹುದು, ನೋಡಿ. ಎಲ್ಲರೂ ತಿಂದೆದ್ದ ಮೇಲೆ ಬಾಣಲೆಯ ತಳದಲ್ಲಿ ಎರಡು ಸೌಟು ಉಪ್ಪಿಟ್ಟು. ಚೆಲ್ಲಲು ಮನಸ್ಸು ಬಾರದು. ನಿಂತಲ್ಲೇ ಬಾಯಿಗೆ ಹಾಕಿಕೊಂಡದ್ದಾಯ್ತು. ಮದುವೆಯಾದಾಗಿನಿಂದ ಇದೇ ಪಾಡು. ಯುಗಾದಿ ಕಳೆದ ಮೇಲೆ ಡಾಕ್ಟರಮ್ಮ ಟೇಪು ಹಿಡಿದು ಅಳೆದರು. ನಮ್ಮ ಹೆಂಗಸರ ಹೊಟ್ಟೆಯ ಸುತ್ತಳತೆ 80 ಸೆಂಟಿಮೀಟರ್ ದಾಟಬಾರದಂತೆ, ನನ್ನದು 94! ಸಕ್ಕರೆ ಕಾಯಿಲೆಯಲ್ಲೇ ಹೋದ ಅಮ್ಮನ ನೆನಪಾಗಿ ಕೈಕಾಲು ತಣ್ಣಗಾಯಿತು.

ಆಮೇಲೆ ಗಮನಿಸಿದೆ. ಮನೆಯವರು ಸಿಡುಕಿ ಹೋದ ದಿನ ನನ್ನ ಕೈ ತಾನಾಗಿ ಕೋಡುಬಳೆ ಡಬ್ಬಕ್ಕೆ ಹೋಗುತ್ತೆ. ಹಸಿವೇ ಇರಲ್ಲ. (ಇದನ್ನು ಅವರಿಗೆ ಹೇಳಿಲ್ಲ.) ಈಗ ರವೆ ಒಂದು ಹಿಡಿ ಕಮ್ಮಿ ಹಾಕ್ತೀನಿ, ತಟ್ಟೆ ಇಟ್ಟುಕೊಂಡು ಎಲ್ಲರ ಜೊತೆಗೇ ಕೂರ್ತೀನಿ. ಹೊಟ್ಟೆ ತುಂಬಿದ್ದು ತಲೆಗೆ ತಿಳಿಯಲು ಸುಮಾರು 20 ನಿಮಿಷ ಬೇಕಂತೆ, ನಿಧಾನವಾಗಿ ಅಗಿಯುತ್ತೇನೆ. ಮೂರು ತಿಂಗಳಲ್ಲಿ 3 ಕಿಲೋ ಇಳಿದಿದೆ. ಕೋಡುಬಳೆ ಡಬ್ಬವನ್ನೂ ಅಟ್ಟಕ್ಕೆ ಏರಿಸಿದ್ದೇನೆ. ಸ್ಟೂಲು ಮಾತ್ರ ಇನ್ನೂ ಅಡುಗೆಮನೆಯಲ್ಲೇ ಇದೆ!