ಆಟ ಕಲಿಯೋರ ಕಾಟ

ಹೋದ ವಾರ ಹಿಟ್ಟಿನ ಗಿರಣಿ ಮುಂದ ನಮ್ ಓಣ್ಯಾಗಿನ ತಂಗಿ ಒಬ್ಬಾಕಿ ಕೇಳಿದ್ಲು, "ಯಕ್ಕಾ, ನಮ್ಮ ಅತ್ತಿಯೋರು ಹೊಸದಾಗಿ ಫೋನಿನಾಗ ಲೂಡೋ ಕಲತಾರ. ದಿನಾ ಇಪ್ಪತ್ತು ಸಲ ಕೋಡ್ ಕಳಸ್ತಾರ. ಆಡ್ಕೋತ ಕುಂತ್ರ ಅಡಗಿ ಆಗಂಗಿಲ್ಲ, ಆಡಲಿಲ್ಲಂದ್ರ ಮಾರಿ ಸಣ್ಣ ಮಾಡ್ತಾರ. ನೀವು ನಿಮ್ ದೊಡ್ಡವ್ವಗ ಹ್ಯಾಂಗ ಸಂಭಾಳಿಸಿದ್ರಿ?" ಜ್ವಾಳದ ಡಬ್ಬಿ ಬಗಲಾಗ ಇಟ್ಕೊಂಡು ಹೇಳೋ ಮಾತಲ್ಲ ಅದು. ಹಿಂತಾದ್ದೇ ಕಾಟ ಇನ್ನೂ ನಾಕು ಮಂದಿ ಮನ್ಯಾಗ ಅದ ಅಂತ ನನಗ ಗೊತ್ತದ, ಅದಕ್ಕ ಇಲ್ಲೇ ಬರದು ಹಾಕ್ತೀನಿ.

ನಮ್ ದೊಡ್ಡವ್ವ ಇರೋದು ಸೇಡಂದಾಗ, ಒಬ್ಬಾಕಿನೇ. ದೊಡ್ಡಪ್ಪ ಹೋಗಿ ಭಾಳ ವರ್ಷ ಆದ್ವು, ಮಗ ಪುಣೇದಾಗ ನೌಕ್ರಿ ಮಾಡ್ತಾನ. 2020ರ ಮಾರ್ಚ್ ನಿಮಗೆಲ್ಲ ನೆನಪಿರತದ. ಇಡೀ ದೇಶದಾಗ ಕರೋನಾದಿಂದ ಮೊದಲನೇ ಸಾವು ಆಗಿದ್ದು ನಮ್ ಕಲಬುರಗಿದಾಗೇ. ಟಿವಿ ಹಚ್ಚಿದ್ರ ನಮ್ ಜಿಲ್ಲಾದ ಹೆಸರೇ. 25ನೇ ತಾರೀಖಿನಿಂದ ದೇಶಾನೇ ಬಂದ್ ಆಯ್ತು. ಮಗಗ ಬರಲಾಕ ದಾರಿ ಇಲ್ಲ, ನಮಗ ಚಂದಾಪುರ ಬಿಟ್ಟು ಸೇಡಂಕ್ಕ ಹೋಗಲಾಕ ಬಸ್ಸಿಲ್ಲ. ಬಾಜೂ ಮನಿಯೋರು ಹಾಲಿನ ಪಾಕೀಟ ಬಾಗಲದಾಗ ಇಟ್ಟು ಹೋಗ್ತಿದ್ರು. ಅಕ್ಕಿ ಯಾವಾಗ್ಲೂ ಮಂದಿ ನಡುವ ಇದ್ದಾಕಿ. ಶ್ರಾವಣದಾಗ ಪುರಾಣ, ಸಂಜಿಮುಂದ ಕಟ್ಟಿ, ಮದುವಿ ಮನ್ಯಾಗ ಹೋಳಿಗಿ ಮಾಡ್ಲಾಕ ಮುಂದ. ಹಂತಾಕಿ ನಾಕು ಗ್ವಾಡಿ ನಡುವ ಕುಂತ್ಲು. ಫೋನ್ ಹಚ್ಚಿದ್ರ "ಅರಾಮ ಇದ್ದೀನಿ ಯವ್ವಾ" ಅನ್ನೋ ಧ್ವನಿ ದಿನಾ ಸಣ್ಣ ಆಗ್ಲಾಕತ್ತು.

ಆವಾಗೇ ನಮ್ ಮನ್ಯಾಗ ಎಲ್ಲಾರೂ ಲೂಡೋ ಕಿಂಗ್ ಹಿಡಿದಿದ್ರು. ಅದೇನು ಹೊಸ ಆಟ ಅಲ್ಲ. ನವಿ ಮುಂಬೈದ ಕಂಪನಿ 2016ರಾಗೇ ಮಾಡಿತ್ತು, ಆದರ ಮನಿ ಮನಿಗಿ ಹೊಕ್ಕಿದ್ದು ಲಾಕ್‌ಡೌನ್‌ದಾಗ. ಒಬ್ಬರು ರೂಮ್ ಮಾಡೋದು, ಕೋಡ್ ಕಳಸೋದು, ಉಳಿದೋರು ಆ ಕೋಡ್ ಹಾಕಿ ಒಳಗ ಬರೋದು. ಇನ್ನೊಂದು ಫೋನಿನಾಗ ವಾಟ್ಸಾಪ್ ಕಾಲ್ ಹಚ್ಚಿ ಮಾತಾಡ್ಕೋತ ಆಡೋದು. ಮೊದಲು ಆ ಕಾಲಿನಾಗ ನಾಕೇ ಮಂದಿಗಿ ಜಾಗ ಇತ್ತು, ಏಪ್ರಿಲ್ ಕಡೀಕ ಎಂಟು ಮಂದಿಗಿ ಮಾಡಿದ್ರು. ಅಷ್ಟೊತ್ತಿಗಿ ದೊಡ್ಡವ್ವನ ಮಗ ಪುಣೇದಿಂದ ಫೋನಿನಾಗೇ ಹೇಳಿ ಹೇಳಿ ಅಕ್ಕಿ ಕೈಲಿ ಆಟ ಹಾಕಿಸಿದ್ದ.

ಅಲ್ಲಿಂದ ಸುರು ಆಯ್ತು ನೋಡ್ರಿ. ಮುಂಜಾನಿ ಐದೂವರಿಗಿ ಕೋಡ್. ನಾನು ಕಸ ಹೊಡೀಲಾಕತ್ತಿರ್ತೀನಿ, ಫೋನ್ ಟಿಣ್ ಅಂತದ. ಎಂಟಕ್ಕ ರೊಟ್ಟಿ ಬಡಿಯೋ ಹೊತ್ತಿಗಿ ಇನ್ನೊಂದು. ಆಡಲಾಕ ಕುಂತ್ರ ಪ್ರತಿ ಸಲ "ಯಾವ ಕಾಯಿ ನಡಸ್ಲಿ ಯವ್ವಾ? ಹಸರಂದು ನಂದೋ, ಅವಂದೋ?" ಹೇಳೋದ್ರಾಗ ಟೈಮ್ ಮುಗದು ಆಟ ಮುಂದಿನೋರಿಗಿ ಹೋಗಿರತದ. "ನನ್ ಆಟ ಯಾರ ಆಡಿದ್ರು?" ಅಂತ ಜಗಳ. ಆರು ಬಿದ್ರ ಕಾಯಿ ಹೊರಗ ತಗೀಬೇಕಂದ್ರ ಹಳೀ ಕಾಯಿನೇ ಒತ್ತತಾಳ. ಸಾಲಾಗಿ ಮೂರು ಆರು ಬಿದ್ರ ಸರತಿ ಹೋಗತದಲ್ಲ, ಅದಂತೂ ಅಕ್ಕಿ ಪ್ರಕಾರ ಸೀದಾ ಸೀದಾ ಮೋಸ. ಎಲ್ಲಕ್ಕಿಂತ ದೊಡ್ಡ ಕಾಟ ಅಂದ್ರ, ಮನಿ ಬಾಗಲಕ್ಕ ಬಂದ ತನ್ನ ಕಾಯಿ ಅಲ್ಲೇ ಬಿಟ್ಟು, ಹಿಂದಿನ ಕಾಯಿ ತಗೊಂಡು ಹುಡುಗರ ಕಾಯಿ ಬೆನ್ನು ಹತ್ತತಾಳ. ತಾನೂ ಗೆಲ್ಲಂಗಿಲ್ಲ, ಗೆಲ್ಲೋರಿಗೂ ಬಿಡಂಗಿಲ್ಲ. ನಮ್ ಮಗ, ಅಕ್ಕನ ಮಗಳು ಇಬ್ಬರೂ ಹಲ್ಲು ಕಡೀತಿದ್ರು.

ಒಂದು ದಿನ ಹುಡುಗರು ಬ್ಯಾರೆ ರೂಮ್ ಮಾಡಿ ಅದರ ಕೋಡ್ ದೊಡ್ಡವ್ವಗ ಕಳಸಲೇ ಇಲ್ಲ. ಅಕ್ಕಿ ತಂದೊಂದು ಕೋಡ್ ಹಾಕಿ ಕಾಯ್ಕೋತ ಕುಂತಿದ್ಲು. ಒಂದು ತಾಸು ಆದಮ್ಯಾಲ ನನಗ ಫೋನ್ ಮಾಡಿದ್ಲು. ಸಿಟ್ಟು ಇಲ್ಲ ಏನಿಲ್ಲ. "ಇವತ್ತ ಯಾರಿಗೂ ಯಾಳಿ ಇಲ್ಲೇನು ಯವ್ವಾ? ನೆಟ್ವರ್ಕ್ ಇಲ್ಲಂತಾನ ನಿನ್ ಮಗ. ಹೋಗ್ಲಿ ಬಿಡು, ನಾಳಿ ಆಡಮು" ಅಂದ್ಲು. ಅವತ್ತು ಮಧ್ಯಾಹ್ನ ಊಟ ಮಾಡಿದ್ದೀಯೇನು ಅಂತ ಕೇಳಿದ್ರ, "ಒಬ್ಬಾಕಿಗಿ ಏನ್ ಒಲಿ ಹಚ್ಚೋದು" ಅಂದ್ಲು. ಹುಡುಗರಿಗಿ ನಾನು ಬೈಯಲಿಲ್ಲ, ಆ ಮಾತು ಇದ್ದದ್ದು ಇದ್ದಂಗ ಹೇಳಿದೆ. ಸುಮ್ನ ಆದ್ರು.

ಮರುದಿನ ಉಳಿದೋರಿಗೆಲ್ಲ ಬಿಟ್ಟು ಅಕ್ಕಿ ಜೋಡಿ ನಾನೊಬ್ಬಾಕಿನೇ ಆಡಿದೆ. ಆಡ್ಕೋತ ಕೇಳಿದೆ, "ದೊಡ್ಡವ್ವಾ, ಕಾಯಿ ಮನಿಗಿ ಬಂದದ, ಯಾಕ ಒಳಗ ಹಾಕವಲ್ಲಿ?" ಅಕ್ಕಿ ಏನಂದ್ಲು ಗೊತ್ತೇನು? "ಇನ್ನಾ ಒಂದ್ ಕಾಯಿ ಹೊಡದಿಲ್ಲಲ್ಲೇ, ಹ್ಯಾಂಗ ಒಳಗ ಹೋಗ್ಲಿ?"

ಅಲ್ಲಿ ಇತ್ತು ಗಂಟು. ದೊಡ್ಡವ್ವ ಆಟ ಬರಲಾರದಾಕಿ ಅಲ್ಲವೇ ಅಲ್ಲ, ಚೌಕಾಬಾರಾದಾಗ ಅಕ್ಕಿಗಿ ಹಿಡಿಯೋರು ನಮ್ ಬಳಗದಾಗ ಯಾರೂ ಇದ್ದಿಲ್ಲ. ಶಾಹಾಬಾದ ಪರಸಿ ಮ್ಯಾಲ ಸುಣ್ಣದ ಕಡ್ಡೀಲೆ ಐದು ಸಾಲಿಗಿ ಐದು ಸಾಲು, ಇಪ್ಪತ್ತೈದು ಮನಿ ಬರೀತಿದ್ಲು. ನಾಕು ಕವಡಿ, ಇಲ್ಲಂದ್ರ ಅರ್ಧ ತಿಕ್ಕಿದ ಹುಣಸಿ ಬೀಜ. ನಾಕೂ ಅಂಗಾತ ಬಿದ್ರ ಚೌಕಾ, ನಾಕೂ ಬೋರಲ ಬಿದ್ರ ಬಾರಾ, ಅಂದ್ರ ಎಂಟು. ನಮ್ಮಲ್ಲಿ ತೆಲಂಗಾಣದ ಗಡಿ ಹತ್ರ ಇರೋದ್ರಿಂದ ಕೆಲವರು ಅಷ್ಟಾಚೆಮ್ಮಾ ಅಂತಾನೂ ಅಂತಾರ. ಆ ಆಟದಾಗ ಎದುರಿನೋರದು ಒಂದರ ಕಾಯಿ ಹೊಡೀದೆ ಒಳಗಿನ ಸುತ್ತಿಗಿ ಹೋಗಂಗಿಲ್ಲ. ಅರವತ್ತು ವರ್ಷದಿಂದ ಕೈಯಾಗ ಕುಂತ ಕಾನೂನು ಅದು. ಇನ್ನೊಂದು, ಅಲ್ಲಿ ಹೊರಗಿನ ಸುತ್ತು ಬಲದಿಂದ ಎಡಕ್ಕ ತಿರುಗತದ, ಲೂಡೋ ಗಡಿಯಾರದ ಮುಳ್ಳಿನಂಗ ತಿರುಗತದ. ಹಂಗಾಗಿ ಯಾರ ಕಾಯಿ ಹಿಂದಿಂದ ಬಂದು ತನಗ ಹೊಡೀತದ ಅಂತ ಅಕ್ಕಿ ಉಲ್ಟಾ ಕಡಿ ನೋಡ್ತಿದ್ಲು.

ಖರೆ ಹೇಳಬೇಕಂದ್ರ ಲೂಡೋನೇ ನಮ್ ಪಗಡಿ, ಪಚ್ಚೀಸಿಯಿಂದ ಹೋದದ್ದು. ಇಂಗ್ಲೆಂಡಿನವರು ಅದನ್ನ ಸಣ್ಣ ಮಕ್ಕಳ ಆಟ ಮಾಡಿ, ಕವಡಿ ಬದಲಿ ದಾಳ ಇಟ್ಟು, 1896ರಾಗ ಲೂಡೋ ಅಂತ ಪೇಟೆಂಟ್ ಮಾಡ್ಕೊಂಡ್ರು. ನಮ್ ಮನಿ ಸೀರಿ ನಮಗೇ ಫಾಲ್ ಹಚ್ಚಿ ಮಾರಿದಂಗ ಆತು. ಇದನ್ನ ಹೇಳಿದ್ರ ದೊಡ್ಡವ್ವ ಬಿದ್ದು ಬಿದ್ದು ನಕ್ಕಳು.

ಆಮ್ಯಾಲ ನಾನು ಮಾಡಿದ್ದು ದೊಡ್ಡದೇನಿಲ್ಲ. ಸಂಜಿ ನಾಕು ಗಂಟೆಗಿ ಆಟ ಅಂತ ಹೊತ್ತು ಇಟ್ಟೆ. "ಮುಂಜಾನಿ ಕೋಡ್ ಕಳಸಬ್ಯಾಡ ದೊಡ್ಡವ್ವಾ, ನನ್ ಕೈ ಹಿಟ್ಟಿನಾಗಿರತದ" ಅಂತ ಸೀದಾ ಹೇಳಿದೆ. ಇದರಾಗ ನಾಚೂದೇನದ? ಹತ್ತು ಸಲ ಸುಳ್ಳು ನೆವ ಹೇಳೋದಕ್ಕಿಂತ ಒಂದು ಸಲ ಖರೆ ಹೇಳಿದ್ರ ದೊಡ್ಡೋರು ತಿಳ್ಕೋತಾರ. ಹೊತ್ತು ಗೊತ್ತಿದ್ರ ಕಾಯೋದೂ ಹಗುರ ಆಗತದ. ಮೂರೂವರಿಗೇ ಚಹಾ ಕುಡದು, ಚಸ್ಮಾ ವರಸ್ಕೊಂಡು ಕುಂತಿರ್ತಿದ್ಲು. ಉಳಿದ ಹೊತ್ತಿನಾಗ ಕೈ ತುರಿಸಿದ್ರ ಕಂಪ್ಯೂಟರ್ ಜೋಡಿ ಆಡೋದು ಅದರಾಗೇ ಅದ, ಇಂಟರ್ನೆಟ್ಟೂ ಬೇಕಾಗಿಲ್ಲ. ಅದನ್ನ ತೋರಿಸಿಕೊಡಲಾಕ ಅಕ್ಕನ ಮಗಳಿಗಿ ಹಚ್ಚಿದೆ. ಕಂಪ್ಯೂಟರಿಗಿ ಎಷ್ಟು ಬೈದ್ರೂ ಅದು ಮಾರಿ ತಿರುವಂಗಿಲ್ಲ!

ಆಡಬೇಕಾದ್ರ "ಇದು ನಡಸು, ಅದು ನಡಸು" ಅನ್ನೋದು ಎಲ್ಲಾರೂ ಬಿಟ್ಟೆವು. ಹೇಳೋ ತನಕ ಕೇಳೋದು ನಿಲ್ಲಂಗಿಲ್ಲ. ಅಕ್ಕಿ ಕೇಳಿದ್ರ "ನಿನಗ ಹ್ಯಾಂಗ ಅನಸತದ?" ಅಂತ ತಿರುಗಿ ಕೇಳೋದು, ತಪ್ಪಿದ್ರ ತಪ್ಪಲಿ. ಒಂದಿನಕ್ಕ ಒಂದೇ ಮಾತು ಕಲಸೋದು. ಇವತ್ತ ಚುಕ್ಕಿ ಮನ್ಯಾಗ ಕುಂತ ಕಾಯಿಗಿ ಯಾರೂ ಹೊಡಿಯಂಗಿಲ್ಲ, ಅಷ್ಟೇ. ಮತ್ತ, ಬೇಕಂತ ಸೋಲಬ್ಯಾಡ್ರಿ. ನಮ್ಮ ಯಜಮಾನ್ರು ಒಂದಿನ ಪಾಪ ಅಂತ ಸೋತ್ರು. ದೊಡ್ಡವ್ವ ಆಟ ಮುಗಿಯೋದ್ರೊಳಗ ಹಿಡದ್ಲು, ಎರಡು ದಿನ ಆಡಲಿಲ್ಲ. "ನನಗ ಕೂಸಿನಂಗ ಆಡಸಬ್ಯಾಡ್ರಿ" ಅಂದ್ಲು.

ಇನ್ನ ಹುಡುಗರ ಆಟಕ್ಕ ಬರ್ತೀನಿ, ಅಲ್ಲಿ ಕಾಟದ ಬಣ್ಣನೇ ಬ್ಯಾರೆ. ಪಬ್ಜಿ 2020ರ ಸೆಪ್ಟೆಂಬರದಾಗ ಸರ್ಕಾರ ಬಂದ್ ಮಾಡಿತು. ಮುಂದಿನ ವರ್ಷ ಅದೇ ಬಿಜಿಎಂಐ ಅಂತ ಹೆಸರು ಬದಲಿಸ್ಕೊಂಡು ಬಂತು, 2022ರಾಗ ಮತ್ತ ಹೋಯ್ತು, 2023ರ ಮೇದಾಗ ಮತ್ತ ಬಂತು. ಅತ್ತಿ ಮನಿ, ತೌರಮನಿ ಅಂತ ಅಡ್ಡಾಡಿದಂಗ. ನಮ್ ಮಗ ಮತ್ತ ಅವನ ಮೂವರು ಗೆಳೆಯರು ರಜಾದಾಗ ಆಡ್ತಿದ್ರು. ಒಬ್ಬ ಊರಿಗಿ ಹೋದ ಅಂತ ಬಾಜೂ ಮನಿ ಸಣ್ಣ ಹುಡುಗಗ ಸೇರಿಸ್ಕೊಂಡ್ರು. ಐದನೇತ್ತೆ ಓದೋ ಪೋರ. ಅವ ಎಲ್ಲಾರೂ ಇಳಿಯೋ ಕಡಿ ಇಳಿಯಂಗಿಲ್ಲ, ಮನಿ ಹೊಕ್ಕು ಎಲ್ಲಾ ಗುಂಡು ತಾನೇ ಬಳಕೋತಾನ, ನಿಮಿಷದಾಗ ಏಟು ತಿಂದು ಬೀಳತಾನ, ಬಿದ್ದು "ಅಣ್ಣಾ ಎಬ್ಬಸು, ಅಣ್ಣಾ ಎಬ್ಬಸು" ಅಂತ ಒದರತಾನ. ಎಬ್ಬಿಸಬೇಕಂದ್ರ ಇನ್ನೊಬ್ಬ ಹತ್ರ ಹೋಗಿ ಕೂಡಬೇಕು, ಕುಂತಾವನೂ ಸಾಯ್ತಾನ. ನಾನು ಒಲಿ ಮುಂದ ಕುಂತು ಇದೆಲ್ಲ ಕೇಳ್ತಿದ್ದೆ.

ಒಂದಿನ ಅವನಿಗಿ ಬಾಯಿಗಿ ಬಂದಂಗ ಬೈದ್ರು. ನೂಬ್ ಅನ್ನೋದು ಬಿಡ್ರಿ, ಅದು ಅವರಲ್ಲಿ ಸಾದಾ ಮಾತು. ಅವರಪ್ಪನ ಕುಡಿಯೋ ಚಟ ಎತ್ತಿ ಮಾತಾಡಿದ್ರು. ಪೋರ ಫೋನ್ ಕೆಳಗಿಟ್ಟು ನಮ್ ಅಡಗಿಮನಿ ಬಾಗಲದಾಗ ಬಂದು ನಿಂತ, ಕಣ್ಣಾಗ ನೀರು. ನಾನು ಒಲಿ ಆರಿಸಿ ಎದ್ದು ಹೋಗಿ ನಾಕೂ ಮಂದಿ ಫೋನ್ ಇಸ್ಕೊಂಡೆ. ಅವತ್ತಿನ ಮಟ್ಟಿಗಿ ಆಟ ಬಂದ್. "ಆಟದಾಗ ಸೋತ ಸಿಟ್ಟಿಗಿ ಮನಿ ಮಾತು ತಗದ್ರ ಈ ಮನ್ಯಾಗ ಆಟ ಇಲ್ಲ" ಅಂದೆ. ನಮ್ ಮಗ ತಿರುಗಿ ಅಂದ, "ಮಮ್ಮಿ, ಅವನಿಂದ ದಿನಾ ಸೋಲ್ತೀವಿ, ನಾವೇನ್ ಮಾಡ್ಬೇಕು?" ಅದೂ ಖರೆ ಐತಿ ನೋಡ್ರಿ. ಕಲಿಯೋರಿಗಿ ಸಹಿಸ್ಕೋರಿ ಅಂತ ಬುದ್ಧಿ ಹೇಳೋದು ಸಸ್ತಾ, ಆಟ ಕೆಡೋದು ಅವರದು.

ಅವನಿಗಿ ನಾನು ರೊಟ್ಟಿ ಮಾತು ಹೇಳಿದೆ. ಹೊಸ ಸೊಸಿಗಿ ಬಂದ ದಿನಾನೇ ಹತ್ತು ಮಂದಿ ಪಂಗ್ತಿಗಿ ರೊಟ್ಟಿ ಬಡಿ ಅಂತ ಯಾರೂ ಕೂಡಸಂಗಿಲ್ಲ. ಕಡೀ ಸಣ್ಣ ಉಂಡಿ ಕೊಡ್ತಾರ, ಹರದ್ರ ಹರೀತು, ಮುದ್ದಿ ಮಾಡಿ ಮತ್ತ ಬಡೀತಾಳ. ಹಂತಾ ಜಾಗ ನಿಮ್ ಆಟದಾಗ ಇಲ್ಲೇನು? ಆಗ ಅವನೇ ಹೇಳಿದ, ಟ್ರೇನಿಂಗ್ ಗ್ರೌಂಡ್ ಅಂತ ಅದ, ಅಲ್ಲಿ ಗುಂಡು ಹೊಡೀಲಾಕ ಕಲೀಬೌದು. ಟಿಡಿಎಂ ಅಂತ ಇನ್ನೊಂದದ, ಸತ್ರೂ ಲಗೂನೇ ತಿರುಗಿ ಏಳ್ತಾರ, ಯಾರಿಗೂ ಎಬ್ಬಿಸೋ ಕೆಲಸಿಲ್ಲ. ಅದರಾಗ ದಿನಾ ಎರಡು ಆಟ ಪೋರನ ಜೋಡಿ, ಆಮ್ಯಾಲ ದೊಡ್ಡೋರು ತಮ್ಮಷ್ಟಕ್ಕ ಆಡೋದು ಅಂತ ಮಾತಾಯ್ತು. ದೊಡ್ಡ ಆಟಕ್ಕ ಕರದ್ರ ವಿಮಾನದಿಂದ ಹಾರೋವಾಗ ಫಾಲೋ ಒತ್ತಿ ಅಣ್ಣನ ಹಿಂದೇ ಇಳೀಬೇಕು, ಬಿದ್ದಮ್ಯಾಲ ಒಂದೇ ಸಲ ಕರೀಬೇಕು. ಪೋರನ ಅವ್ವಗೂ ಹೇಳಿದೆ, ಇಷ್ಟೊತ್ತು ಇಷ್ಟಕ್ಕ ಅಂತ. ಹದಿನೆಂಟರ ಒಳಗಿನೋರಿಗಿ ಆ ಆಟದೋರೇ ದಿನಕ್ಕ 3 ತಾಸು ಅಂತ ಮಿತಿ ಇಟ್ಟಾರ. ನನಗ ಕೇಳಿದ್ರ ಅದೂ ಭಾಳ ಆಯ್ತು.

ಒಂದು ಮಾತು ಮಾತ್ರ ಒತ್ತಿ ಹೇಳಬೇಕು. ಈ ಸಬೂರಿ ಎಲ್ಲಾ ನಮ್ಮೋರಿಗಿ, ಗುರ್ತಿನೋರಿಗಿ. ಗುರ್ತಿಲ್ಲದೋರ ಜೋಡಿ ಆಡೋ ಕಡಿ "ಆಂಟೀ, ನಾ ಹೊಸಬ, ಕಲಸ್ರಿ, ನಂಬರ ಕೊಡ್ರಿ" ಅಂತ ಬೆನ್ನು ಹತ್ತೋರು ಇರ್ತಾರ. ದೊಡ್ಡವ್ವಗೂ ಒಬ್ಬ ಹಂಗೇ ಗಂಟು ಬಿದ್ದಿದ್ದ. ಎಂಟು ದಿನ ಕಲಸ್ರಿ ಅಂದ, ಒಂಬತ್ತನೇ ದಿನ, "ನಿಮ್ ಆಟ ಇಷ್ಟು ಛಲೋ ಅದ, ರೊಕ್ಕ ಹಚ್ಚಿ ಆಡೋ ಲೂಡೋ ಅದ, ಲಿಂಕ್ ಕಳಸ್ತೀನಿ, ಬಂದ ಓಟಿಪಿ ನನಗ ಹೇಳ್ರಿ" ಅಂದ. ಅಕ್ಕಿ ಪುಣ್ಯಾಕ ನಾಕು ಗಂಟೆ ಆಟದಾಗ ನಮಗ ಕೇಳಿದ್ಲು, "ಓಟಿಪಿ ಅಂದ್ರ ಹಾಲಿನ ಚೀಟಿ ಇದ್ದಂಗೇನು?" ಅಂತ. ನಾವು ಆರೂ ಮಂದಿ ಒಮ್ಮೆಲೆ ಒದರಿದೆವು. ದಿನಾ ಮಾತಾಡೋ ಮಂದಿ ಇದ್ದದ್ದಕ್ಕ ಪಿಂಚಣಿ ರೊಕ್ಕ ಉಳೀತು. ಹಂತೋರಿಗಿ ಕಲಸೋದೂ ಇಲ್ಲ, ಮರ್ಯಾದಿನೂ ಇಲ್ಲ, ಸೀದಾ ಬ್ಲಾಕ್. ರೊಕ್ಕ ಹೋಗೇ ಬಿಟ್ರ ತಡ ಮಾಡದೆ 1930ಕ್ಕ ಫೋನ್ ಹಚ್ಚಬೇಕು. ಅದು ಸೈಬರ್ ಮೋಸದ ನಂಬರ, ಗ್ಯಾಸ್ ಬುಕ್ಕಿನ ಮ್ಯಾಲ ಬರದಿಡ್ರಿ.

ರೊಕ್ಕದ ಆಟಕ್ಕ ನಮ್ ರಾಜ್ಯ 2021ರಾಗ ಬಂದಿ ಹಾಕಿತ್ತು, 2022ರ ಫೆಬ್ರವರಿದಾಗ ಹೈಕೋರ್ಟ್ ಅದನ್ನ ತಗದು ಹಾಕಿತು. 2025ರ ಆಗಸ್ಟದಾಗ ದಿಲ್ಲಿದಾಗೇ ಕಾಯ್ದೆ ಆಯ್ತು, ಆನ್‌ಲೈನಿನಾಗ ರೊಕ್ಕ ಹಚ್ಚಿ ಆಡಿಸೋದೂ ಅದರ ಜಾಹೀರಾತೂ ಬಂದ್ ಅಂತ. ಆಟದೊಳಗಿನ ಸುಮ್ನ ನಾಣ್ಯ ಬ್ಯಾರೆ, ಬ್ಯಾಂಕಿನ ರೊಕ್ಕ ಬ್ಯಾರೆ. ಅತ್ತಿಯೋರಿಗಿ ಕಲಸೋವಾಗ ಮೊದಲು ಇದನ್ನ ಹೇಳ್ರಿ, ಆರು ಬಿದ್ರ ಕಾಯಿ ತಗಿಯೋದು ಆಮ್ಯಾಲ.

ದೊಡ್ಡವ್ವಗ ಈಗ ಎಪ್ಪತ್ತೆರಡು. ಒಂದು ಕಣ್ಣಿಂದು ಆಪರೇಷನ್ ಆಗ್ಯದ. ಸಂಜಿ ನಾಕರ ಆಟ ಇನ್ನಾ ನಡದದ, ದಿನಾ ಅಲ್ಲ, ಮಂಗಳವಾರ ಮತ್ತ ಶನಿವಾರ. ಗಿರಣಿ ಮುಂದ ಕೇಳಿದ ತಂಗೀ, ನಿಮ್ಮ ಅತ್ತಿಯೋರಿಗೂ ಬರಲಾಕ ಹೇಳು. ಒಂದು ಜಾಗ ಖಾಲಿ ಅದ, ಕೋಡ್ ನಾನೇ ಕಳಸ್ತೀನಿ. ಅವರಿಗಿ ಚೌಕಾಬಾರಾ ಬರತದೋ ಇಲ್ಲೋ ಮೊದಲು ಕೇಳಿ ಇಟ್ಕೋ. ದೊಡ್ಡವ್ವ ಕಾಯಿ ಹೊಡೀಲಾಕ ಕುಂತ್ರ ಈಗೂ ಯಾರಿಗೂ ಬಿಡಂಗಿಲ್ಲ.