ಬಣ್ಣ ಹೋದರೆ ಮಾನವೂ ಹೋಗಬೇಕೆ?



ನಿಮ್ಮಲ್ಲಿ ಹೆಚ್ಚಿನವರು ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲೇ ಹುಟ್ಟಿ ಬೆಳೆದವರು. ಮನೆಯಲ್ಲಿ ಕನ್ನಡ, ಬಿಲ್ಡಿಂಗಿನ ಕೆಳಗೆ ಮರಾಠಿ, ರೈಲಿನಲ್ಲಿ ಹಿಂದಿ, ಕಾಲೇಜಿನಲ್ಲಿ ಇಂಗ್ಲಿಷ್, ಹೀಗೆ ನಾಲ್ಕು ಭಾಷೆಗಳು ನಿಮಗೆ ನೀರು ಕುಡಿದಷ್ಟು ಸಲೀಸು. ಆದ್ದರಿಂದಲೇ ಊರಿನಿಂದ ಯಾರಾದರೂ ಚಿಕಿತ್ಸೆಗೆಂದು ಬಂದರೆ ಮನೆಯ ಹಿರಿಯರು ನಿಮಗೇ ಹೇಳುತ್ತಾರೆ: "ಆಸ್ಪತ್ರೆಗೆ ಸ್ವಲ್ಪ ಜೊತೆಗೆ ಹೋಗಿ ಬಾ." ಜ್ವರವೋ ಮಂಡಿನೋವೋ ಆದರೆ ಇದು ದೊಡ್ಡ ಮಾತಲ್ಲ. ಆದರೆ ಕಾಯಿಲೆ ಎಲ್ಲರ ಕಣ್ಣಿಗೂ ಕಾಣುವಂಥದ್ದಾದರೆ, ತೊನ್ನು, ಸೋರಿಯಾಸಿಸ್, ಸುಟ್ಟ ಕಲೆ ಇಂಥದ್ದಾದರೆ, ಜೊತೆಗೆ ಹೋಗುವವರ ಜವಾಬ್ದಾರಿಯೇ ಬೇರೆ. ಅದರ ಬಗ್ಗೆ ನಿಮ್ಮೊಂದಿಗೆ ನಾಲ್ಕು ಮಾತು ಹಂಚಿಕೊಳ್ಳಬೇಕೆನಿಸಿತು.

ನನ್ನ ಚಿಕ್ಕಮ್ಮನ ಮಗಳು ಗದಗಿನವಳು. ಹೊಲಿಗೆ ಕಲಿಸುತ್ತಾಳೆ. ಅವಳ ಮುಖದಲ್ಲಿ, ಕೈಗಳಲ್ಲಿ ತೊನ್ನು ಕಾಣಿಸಿಕೊಂಡಾಗ ಡೊಂಬಿವಲಿಯ ನಮ್ಮ ಮನೆಯಲ್ಲಿ ಉಳಿದು ಚಿಕಿತ್ಸೆ ಪಡೆದಳು. ಮೊದಲು ಹೋದ ದವಾಖಾನೆಯಲ್ಲಿ ಪರದೆ ಎಳೆಯಲಿಲ್ಲ. ಸರದಿಗಾಗಿ ಬಾಗಿಲಲ್ಲಿ ನಿಂತವರೆಲ್ಲ ನೋಡುತ್ತಿದ್ದರು. ವೈದ್ಯರು ಅವಳ ಕೈಯನ್ನು ಹಿಂದೆ ಮುಂದೆ ತಿರುಗಿಸುತ್ತ ನನ್ನನ್ನು ಕೇಳಿದರು, "ಇವಳಿಗೆ ಮದುವೆ ಆಗಿದೆಯೇ?" ಹೊರಗೆ ಬಂದ ಮೇಲೆ ಅವಳು ಅಂದಳು: "ಅಕ್ಕಾ, ಕಲೆ ನನ್ನ ಮೈಮ್ಯಾಲೆ ಅದಾವ, ಮಾತೆಲ್ಲಾ ನಿಮ್ಮ ಕೂಡನ ಆತಲ್ಲ!"

ಬೇರೊಂದು ಕಡೆ ಹೋದೆವು. ಅಲ್ಲಿನ ಡಾಕ್ಟರಮ್ಮ ಪರದೆ ಎಳೆದು, "ಮುಟ್ಟಿ ನೋಡಲೇ?" ಎಂದು ಕೇಳಿ, ಅವಳ ಮುಖ ನೋಡಿಯೇ ಮಾತಾಡಿದರು. "ನಿಮಗೆ ಮುಖ್ಯವಾಗಿ ಏನು ವಾಸಿಯಾಗಬೇಕು?" ಎಂದರು. ಅವಳ ಉತ್ತರ ಕೇಳಿ ನನಗೇ ಆಶ್ಚರ್ಯವಾಯಿತು. "ಮಾರಿ ಚಿಂತಿ ನನಗಿಲ್ರಿ. ಕೈ ನೋಡ್ರಿ. ಹುಡುಗ್ಯಾರು ಹೊಲಗಿ ಕಲಿಯೂಮುಂದ ನನ್ನ ಕೈನ ನೋಡ್ತಾರ." ಅವಳ ಮಾತನ್ನು ನಾನು ಹಾಗೆಯೇ ಹಿಂದಿಯಲ್ಲಿ ಹೇಳಿದೆ. ಮುಖಕ್ಕೆ ಬಣ್ಣ ಮರಳುವುದು ಸುಲಭ, ಬೆರಳ ತುದಿಗೆ ಬಹಳ ಕಷ್ಟ ಎಂದು ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ ತಿಳಿಸಿದರು. ಅವಳಿಗೆ ಬೇಸರವಾಯಿತು ನಿಜ. ಆದರೂ ಅಲ್ಲೇ ಚಿಕಿತ್ಸೆ ಮಾಡಿಸಿಕೊಳ್ಳುತ್ತೇನೆಂದಳು. ಇಂದು ಮುಖದ ಬಣ್ಣ ಬಹುಮಟ್ಟಿಗೆ ಬಂದಿದೆ, ಬೆರಳುಗಳು ಹಾಗೆಯೇ ಇವೆ, ಹೊಲಿಗೆ ಕ್ಲಾಸು ನಡೆದೇ ಇದೆ.

ತೊನ್ನು ಅಂಟುರೋಗವಲ್ಲ. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳನ್ನು ದೇಹದ ರಕ್ಷಣಾ ವ್ಯವಸ್ಥೆಯೇ ತಪ್ಪಾಗಿ ನಾಶ ಮಾಡುವುದರಿಂದ ಅದು ಬರುತ್ತದೆ. ಮೀನು ತಿಂದು ಹಾಲು ಕುಡಿದದ್ದೂ ಕಾರಣವಲ್ಲ, ನಾಗದೋಷವೂ ಅಲ್ಲ. ಜಗತ್ತಿನಲ್ಲಿ ಸುಮಾರು 100ರಿಂದ 200 ಜನರಲ್ಲಿ ಒಬ್ಬರಿಗೆ ಇದು ಇದೆ. ಮುಲಾಮು, ಯಂತ್ರದ ಬೆಳಕಿನ ಚಿಕಿತ್ಸೆ, ಕಲೆ ಹರಡುವುದು ನಿಂತ ಮೇಲೆ ಚರ್ಮದ ಕಸಿ, ಇವೆಲ್ಲ ಈಗ ಇವೆ. ನಮ್ಮ ಅಜ್ಜಿಯರು ಹೇಳುತ್ತಿದ್ದ ಬಾವಂಚಿ ಬೀಜದಲ್ಲಿಯೂ ಸತ್ವವಿದೆ. ಅದರಲ್ಲಿರುವ ಸೋರಾಲೆನ್ ಎಂಬ ವಸ್ತುವನ್ನು ಆಧುನಿಕ ವೈದ್ಯರೂ ಬಳಸಿದ್ದಾರೆ. ಆದರೆ ಯಾರನ್ನೂ ಕೇಳದೆ ಅದನ್ನು ಹಚ್ಚಿಕೊಂಡು ಬಿಸಿಲಿಗೆ ನಿಂತರೆ ಚರ್ಮ ಸುಟ್ಟು ಬೊಬ್ಬೆ ಏಳುತ್ತದೆ.

ನಮ್ಮ ಜನ ತೊನ್ನನ್ನು "ಬಿಳಿ ಕುಷ್ಠ" ಎನ್ನುವುದೂ ಉಂಟು. ಈ ಒಂದು ಮಾತು ಇಬ್ಬರಿಗೆ ಅನ್ಯಾಯ ಮಾಡುತ್ತದೆ. ತೊನ್ನಿಗೂ ಕುಷ್ಠಕ್ಕೂ ಸಂಬಂಧವೇ ಇಲ್ಲ. ತೊನ್ನಿನ ಕಲೆಯಲ್ಲಿ ಸ್ಪರ್ಶ ಚೆನ್ನಾಗಿ ತಿಳಿಯುತ್ತದೆ, ಕುಷ್ಠದ ಕಲೆಯಲ್ಲಿ ಸಾಮಾನ್ಯವಾಗಿ ಸ್ಪರ್ಶ ಮಂದವಾಗುತ್ತದೆ. ಇನ್ನು ಕುಷ್ಠವಾದರೂ ದೂರ ತಳ್ಳಬೇಕಾದ ರೋಗವೇನಲ್ಲ. ಸರಕಾರಿ ಆಸ್ಪತ್ರೆಯಲ್ಲಿ ಅದರ ಔಷಧ ಉಚಿತ. ಆರು ತಿಂಗಳೋ ಒಂದು ವರ್ಷವೋ ತೆಗೆದುಕೊಂಡರೆ ಗುಣವಾಗುತ್ತದೆ. ಆದರೂ ಕುಷ್ಠದ ಕಾರಣಕ್ಕೆ ವಿಚ್ಛೇದನ ಕೊಡಬಹುದೆಂಬ ಕಾನೂನು ನಮ್ಮ ದೇಶದಲ್ಲಿ 2019ರವರೆಗೂ ಇತ್ತು! ನಿಮ್ಮಲ್ಲಿ ಎಷ್ಟೋ ಜನ ದಿನಾ ರೈಲಿನಲ್ಲಿ ಹಾದುಹೋಗುವ ಕಲ್ಯಾಣದಲ್ಲೇ ಕುಷ್ಠದಿಂದ ನೊಂದವರ ವಸತಿಯೊಂದಿದೆ. ನೌಕಾಪಡೆಯಿಂದ ನಿವೃತ್ತರಾದ ಗಜಾನನ ಮಾನೆಯವರು ಅಲ್ಲಿನವರ ಆರೈಕೆಗೂ ದುಡಿಮೆಗೂ ದಶಕಗಳ ಕಾಲ ಶ್ರಮಿಸಿದರು. 2023ರಲ್ಲಿ ಅವರಿಗೆ ಪದ್ಮಶ್ರೀ ಬಂತು. ದೊಡ್ಡ ಸೇವೆ ದೂರದ ಆಶ್ರಮದಲ್ಲೇ ನಡೆಯಬೇಕೆಂದಿಲ್ಲ, ನೋಡಿ.

ನೊಂದವರೇ ಮುಂದೆ ನಿಂತು ಸಂಘ ಕಟ್ಟಿದ ಉದಾಹರಣೆಯೂ ಹತ್ತಿರದಲ್ಲೇ ಇದೆ. ಸ್ವತಃ ತೊನ್ನು ಇರುವ ಪುಣೆಯ ಡಾ. ಮಾಯಾ ತುಳಪುಳೆ ಅವರು 'ಶ್ವೇತಾ' ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ತೊನ್ನು ಇರುವವರು ಅಲ್ಲಿ ಒಬ್ಬರಿಗೊಬ್ಬರು ಆಸರೆಯಾಗುತ್ತಾರೆ. ಸುಮಿತ್ರಾ ಭಾವೆ ಮತ್ತು ಸುನೀಲ ಸುಕಥನಕರ ನಿರ್ದೇಶಿಸಿದ 'ನಿತಳ' ಎಂಬ ಮರಾಠಿ ಚಿತ್ರ 2006ರಲ್ಲಿ ಬಂತು. ತೊನ್ನು ಇರುವ ತರುಣ ವೈದ್ಯೆಯನ್ನು ಹುಡುಗನ ಮನೆಯವರು ಹೇಗೆ ನೋಡುತ್ತಾರೆ ಎಂಬುದೇ ಅದರ ಕಥೆ. ನಿಮಗೆ ಮರಾಠಿ ಬರುತ್ತದೆ, ಅಪ್ಪ ಅಮ್ಮನನ್ನೂ ಕೂರಿಸಿಕೊಂಡು ನೋಡಿ.

ಇನ್ನು ನಿಮ್ಮ ಕೆಲಸ. ಕಳವಾದ ಛತ್ರಪತಿ ಶಿವಾಜಿ ಮಹಾರಾಜ ಆಸ್ಪತ್ರೆ, ಸಾಯನ್ ಆಸ್ಪತ್ರೆ, ಪರೇಲಿನ ಕೆಇಎಂ ಇವೆಲ್ಲ ವೈದ್ಯಕೀಯ ಕಾಲೇಜು ಇರುವ ದೊಡ್ಡ ಆಸ್ಪತ್ರೆಗಳು. ಚರ್ಮರೋಗ ವಿಭಾಗಕ್ಕೆ ಹೋಗಿ. ಬೆಳಕಿನ ಚಿಕಿತ್ಸೆಗೆ ವಾರಕ್ಕೆ ಎರಡು ಮೂರು ಸಲ, ತಿಂಗಳುಗಟ್ಟಲೆ ಹೋಗಬೇಕಾಗುತ್ತದೆ. ಹೆಸರಾಂತ ಆಸ್ಪತ್ರೆಗಿಂತ ಮನೆಗೆ ಹತ್ತಿರದ್ದು ಎಷ್ಟೋ ಸಲ ಮೇಲು. "ಗ್ಯಾರಂಟಿ ಇಲಾಜು" ಎಂಬ ಜಾಹೀರಾತುಗಳನ್ನು ನಂಬಿ ದುಡ್ಡು ಕಳೆಯಲು ಬಿಡಬೇಡಿ. ಒಳಗೆ ಹೋದಾಗ ಪರದೆ ಎಳೆಯಿರೆಂದು ವಿನಯದಿಂದ ಕೇಳಿ. ಫೋಟೋ ತೆಗೆಯುವುದಾದರೆ ಅವರ ಒಪ್ಪಿಗೆ ಕೇಳಿದ ಮೇಲೆಯೇ. ವೈದ್ಯರು ನಿಮ್ಮನ್ನು ಕೇಳಿದರೆ, "ಅತ್ತೆಯೇ ಹೇಳುತ್ತಾರೆ, ನಾನು ಭಾಷಾಂತರ ಮಾಡುತ್ತೇನೆ" ಎನ್ನಿ. ಅವರ ಮಾತಿಗೆ ನಿಮ್ಮದನ್ನು ಸೇರಿಸಬೇಡಿ, ವೈದ್ಯರ ಮಾತಿನಲ್ಲಿ ಕಹಿಯಾದದ್ದನ್ನು ನುಂಗಬೇಡಿ.

ಬಿ.ಎ.ಯಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದವಳು ನಾನು. 'ಪೇಷಂಟ್' ಎಂಬ ಪದಕ್ಕೆ ಸಹಿಸಿಕೊಳ್ಳುವವನು ಎಂಬ ಅರ್ಥವೂ ಉಂಟು. ಕಾಯಿಲೆಯನ್ನು ಸಹಿಸುವುದೇ ಅವರಿಗೆ ಸಾಕಷ್ಟಾಗಿದೆ. ನಮ್ಮ ನೋಟವನ್ನೂ ಯಾಕೆ ಸಹಿಸಬೇಕು? ಮುಂದಿನ ಸಲ ಸಂಘದ ಅರಿಶಿನ ಕುಂಕುಮಕ್ಕೋ ರಾಜ್ಯೋತ್ಸವಕ್ಕೋ ಅಂಥವರು ಬಂದರೆ ಅವರ ಪಕ್ಕದ ಕುರ್ಚಿ ಖಾಲಿ ಉಳಿಯದಂತೆ ನೋಡಿಕೊಳ್ಳಿ. ಕಲೆಯ ವಿಷಯ ಅವರಾಗಿ ಎತ್ತಿದರೆ ಕೇಳಿ, ಇಲ್ಲವಾದರೆ ಊಟದ ವಿಷಯ ಮಾತಾಡಿ.