ಕಿವಿ ಕಚ್ಚುವ ವಿಚಾರ

ಕನ್ನಡದಲ್ಲಿ ಕಿವಿ ಪಟ್ಟಷ್ಟು ಪಾಡನ್ನು ಬೇರೆ ಯಾವ ಅಂಗವೂ ಪಟ್ಟಿಲ್ಲ. ಎಳೆಗೂಸಾಗಿದ್ದಾಗಲೇ ಚುಚ್ಚುತ್ತಾರೆ. ಶಾಲೆಗೆ ಹೋದರೆ ಹಿಂಡುತ್ತಾರೆ. ದೊಡ್ಡವರಾದ ಮೇಲೆ ಅದರ ಮೇಲೆ ಹೂ ಇಡುತ್ತಾರೆ. ಹೇಳಿದ್ದನ್ನೆಲ್ಲ ನಂಬಿದರೆ ಹಿತ್ತಾಳೆ ಎನ್ನುತ್ತಾರೆ. ಇವೆಲ್ಲಕ್ಕೂ ಮಿಗಿಲಾದದ್ದು ಕಿವಿ ಕಚ್ಚುವುದು. ಆಫೀಸಿನಲ್ಲಿ ಮೂವತ್ತು ವರ್ಷ ಈ ವಿದ್ಯೆಯ ಪಂಡಿತರ ನಡುವೆಯೇ ಬಾಳಿದವನು ನಾನು. ಆದರೆ ನಿಜವಾಗಿಯೂ ಕಿವಿ ಕಚ್ಚಿ ರಕ್ತ ಕುಡಿಯುವವರನ್ನು ನೋಡಿದ್ದು ನಿವೃತ್ತನಾಗಿ ತೀರ್ಥಹಳ್ಳಿ ಕಡೆ ಬಂದು ನೆಲೆಸಿದ ಮೇಲೆ. ಕಚ್ಚಿಸಿಕೊಂಡವನು ನಮ್ಮ ಟೈಗರ್.

ಟೈಗರ್ ಅಪ್ಪನ ಕಡೆಯಿಂದ ಅಲ್ಸೇಷಿಯನ್, ಅಮ್ಮನ ಕಡೆಯಿಂದ ಬಸ್‌ಸ್ಟ್ಯಾಂಡು. ಅಪ್ಪನ ಆಸ್ತಿಯಲ್ಲಿ ಅವನಿಗೆ ಬಂದದ್ದು ಕಿವಿ ಎರಡೇ. ವೀಳ್ಯದೆಲೆಯನ್ನು ಚೂಪು ಮೇಲೆ ಮಾಡಿ ನಿಲ್ಲಿಸಿದ ಹಾಗೆ ಸೆಟೆದು ನಿಂತಿರುತ್ತವೆ. ಒಂದು ದಿನ ಬೆಳಿಗ್ಗೆ ನೋಡುತ್ತೇನೆ, ಎರಡು ತುದಿಯಲ್ಲೂ ಕುಂಕುಮ ಒಣಗಿದ ಹಾಗೆ ಕಪ್ಪು ಹಕ್ಕಳೆ. ಅದರ ಮೇಲೆ ಐದಾರು ನೊಣ. ತಲೆ ಕೊಡವಿದರೆ ಎದ್ದು, ಗಾಳಿಯಲ್ಲೊಂದು ಸುತ್ತು ಹಾಕಿ, ಕಾಯ್ದಿರಿಸಿದ ಸೀಟಿಗೆ ಬಂದವರಂತೆ ಮತ್ತೆ ಅಲ್ಲಿಗೇ ಬಂದು ಕೂರುತ್ತಿದ್ದವು.

ನಾಯಿಗೆ ಬಾಲ ಇದೆ, ಆದರೆ ಅದು ಹಸುವಿನ ಬಾಲದಂತೆ ಚಾಮರವಾಗುವುದಿಲ್ಲ. ಯಜಮಾನನನ್ನು ಕಂಡಾಗ ಆಡಿಸುವುದಕ್ಕೆ ಸರಿ, ನೊಣ ಓಡಿಸುವುದಕ್ಕೆ ಮೋಟು. ಕಾಲೆತ್ತಿ ಕೆರೆದುಕೊಂಡರೆ ಗಾಯ ಇನ್ನಷ್ಟು ಕಿತ್ತುಬರುತ್ತದೆ. ತೇಜಸ್ವಿಯವರು ತಮ್ಮ ನಾಯಿಗೆ ‘ಕಿವಿ’ ಎಂದೇ ಹೆಸರಿಟ್ಟಿದ್ದರೆಂಬುದು ‘ಕರ್ವಾಲೊ’ ಓದಿದವರಿಗೆಲ್ಲ ಗೊತ್ತು. ಹಳೆಯ ಓದುಗನಾದ ನಾನು ಮೊದಲೆಲ್ಲ ಅದನ್ನು ತಮಾಷೆ ಅಂದುಕೊಂಡಿದ್ದೆ. ನಾಯಿ ಅಂದರೆ ಮುಕ್ಕಾಲು ಪಾಲು ಕಿವಿಯೇ ಎಂಬುದು ಟೈಗರಿನ ಕಿವಿ ಕೆಟ್ಟ ಮೇಲೆ ಅರ್ಥವಾಯಿತು. ಗೇಟಿನ ಸದ್ದಿಗೆ ಕಿವಿ ನಿಮಿರಿಸುತ್ತಿದ್ದವನು ಈಗ ಅದನ್ನು ತಲೆಗೆ ಅಂಟಿಸಿಕೊಂಡು ಮಂಚದ ಕೆಳಗೆ ಮಲಗತೊಡಗಿದ.

ನೊಣ ಎಲ್ಲಿಂದ ಬಂತು? ನನಗೆ ಅನುಮಾನವೇ ಇರಲಿಲ್ಲ. ಪಕ್ಕದ ಮನೆಯ ಗೌಡರದು ಆರು ಹಸುವಿನ ಕೊಟ್ಟಿಗೆ. ಕೊಟ್ಟಿಗೆ ಇದ್ದಲ್ಲಿ ನೊಣ, ಇದಕ್ಕೆ ಸಾಕ್ಷಿ ಬೇರೆ ಬೇಕೆ? ಹಾಲು ತರಲು ಹೋದಲ್ಲಿ, ಅಂಗಡಿಯ ಕಟ್ಟೆಯಲ್ಲಿ, ಸಿಕ್ಕಿದವರಿಗೆಲ್ಲ ಹೇಳಿದೆ. ಗೌಡರ ಮುಂದೆ ಮಾತ್ರ ಹೇಳಲಿಲ್ಲ. ದಾಕ್ಷಿಣ್ಯ.

ಅಷ್ಟರಲ್ಲಿ ಮನೆಮದ್ದು ಶುರುವಾಯಿತು. ಮೊದಲು ಬೇವಿನೆಣ್ಣೆ ಹಚ್ಚಿದೆ. ಟೈಗರ್ ಹೋಗಿ ಅದನ್ನು ಸೋಫಾಕ್ಕೆ ಒರೆಸಿದ. “ಅಲ್ರೀ, ನೊಣ ಇಲ್ಲೇ ಇದೆ, ನಾವು ಮನೆ ಬಿಡೋ ಹಾಗಾಯ್ತಲ್ಲ” ಎಂದಳು ಇವಳು. ಆಮೇಲೆ ಪೇಪರ್ ಸುರುಳಿ ಸುತ್ತಿ ಹೊಡೆಯಲು ನಿಂತೆ. ರಾಜನ ಮೇಲೆ ಕೂತ ನೊಣಕ್ಕೆ ಕತ್ತಿ ಬೀಸಿದ ಪಂಚತಂತ್ರದ ಕೋತಿ ನೆನಪಾಗುವಷ್ಟರಲ್ಲಿ ಪೆಟ್ಟು ಟೈಗರಿನ ಮೂತಿಗೆ ಬಿದ್ದಿತ್ತು. ಕೊನೆಗೆ ಇವಳ ಹಳೇ ಸ್ಕಾರ್ಫನ್ನು ಅವನ ತಲೆಗೆ ಕಟ್ಟಿದೆವು. ಸಂತೆಗೆ ಹೊರಟ ಮುದುಕಿಯ ಹಾಗೆ ಕಾಣುತ್ತಿದ್ದ. ಬೀದಿಯ ನಾಯಿಗಳು ನೋಡುವ ಮುಂಚೆ ತಾನೇ ಅದನ್ನು ಹರಿದು ಹಾಕಿ ಮಾನ ಉಳಿಸಿಕೊಂಡ.

ಸೀಮೆಎಣ್ಣೆ ಹಚ್ಚಿ ಎಂದವರೂ ಇದ್ದರು. ಪುಣ್ಯಕ್ಕೆ ಅದಕ್ಕೂ ಮೊದಲು ಪಶುವೈದ್ಯರ ಹತ್ತಿರ ಹೋದೆ.

“ಸೀಮೆಎಣ್ಣೆ, ಟರ್ಪೆಂಟೈನು ಮುಟ್ಟಲೇಬೇಡಿ ಸಾರ್, ಚರ್ಮ ಸುಟ್ಟುಹೋಗುತ್ತೆ” ಎಂದರು ಡಾಕ್ಟರು. ಹತ್ತಿಯನ್ನು ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ಹಕ್ಕಳೆಯ ಮೇಲಿಟ್ಟು, ಅದು ತಾನಾಗಿ ಮೆತ್ತಗಾಗುವವರೆಗೂ ಕಾದರು. ಆ ಒಣಗಿದ ರಕ್ತದ ವಾಸನೆಗೇ ಇನ್ನಷ್ಟು ನೊಣ ಬರುವುದಂತೆ. ತೊಳೆದು ಮುಲಾಮು ಹಚ್ಚಿದರು. ಗಾಯ ಮಾಗಿದ ಮೇಲೆ ತೆಳ್ಳಗೆ ವ್ಯಾಸಲೀನ್ ಸವರಿ, ನಾಯಿಗೆಂದೇ ಮಾಡಿದ ನೊಣದ ಔಷಧಿ ಮಾತ್ರ ಬಳಸಿ, ನೀವು ಸೊಳ್ಳೆಗೆ ಹಚ್ಚಿಕೊಳ್ಳುವುದನ್ನು ಅದಕ್ಕೆ ಹಚ್ಚಬೇಡಿ ಎಂದರು. ಮನೆಯಲ್ಲಿ ಬೆಕ್ಕು ಇದೆಯೇ ಎಂದೂ ಕೇಳಿದರು. ಪರ್ಮೆಥ್ರಿನ್ ಇರುವ ಔಷಧಿ ನಾಯಿಗೆ ಆಗುತ್ತದೆ, ಬೆಕ್ಕಿಗೆ ವಿಷ. ತಲೆ ಕೊಡವೀ ಕೊಡವೀ ಕಿವಿಯೊಳಗಿನ ರಕ್ತನಾಳ ಒಡೆದು, ಕಿವಿ ಪೂರಿಯಂತೆ ಉಬ್ಬುವುದೂ ಉಂಟಂತೆ. ಗಾಯ ಹಾಗೇ ಬಿಟ್ಟರೆ ಹುಳ ಬೀಳುತ್ತದೆ. ಮುಧೋಳ ನಾಯಿಯಂತೆ ಜೋತ ಕಿವಿ ಇದ್ದರೂ ಪಾರಿಲ್ಲ. ನಿಂತ ಕಿವಿಗೆ ತುದಿಯಲ್ಲಿ ಕಚ್ಚಿದರೆ, ಜೋತ ಕಿವಿಗೆ ಮಡಿಕೆಯಲ್ಲಿ.

“ಮನೆನೊಣ ಕಚ್ಚುತ್ತಾ ಡಾಕ್ಟ್ರೇ?”

“ಅದು ಹೇಗೆ ಕಚ್ಚುತ್ತೆ? ಅದರ ಬಾಯಿ ಸ್ಪಂಜು, ಒತ್ತಿ ಹೀರೋದಷ್ಟೇ. ಇದು ಕೊಟ್ಟಿಗೆ ನೊಣ.” ಮೇಜಿನ ಮೇಲೆ ಸತ್ತು ಬಿದ್ದಿದ್ದ ಒಂದನ್ನು ಕಡ್ಡಿಯಿಂದ ಹೊರಳಿಸಿ ತೋರಿಸಿದರು. ನೋಡಲು ಮನೆನೊಣದ ತಮ್ಮನೇ. ಆದರೆ ಮುಖದ ಮುಂದೆ ಕಪ್ಪು ಸೂಜಿಯೊಂದು ಕೋವಿಯ ತುದಿಯ ಬಾಕಿನಂತೆ ಚಾಚಿಕೊಂಡಿತ್ತು. ಸೊಳ್ಳೆಯಲ್ಲಿ ಹೆಣ್ಣು ಮಾತ್ರ ರಕ್ತ ಕುಡಿದರೆ, ಇದರಲ್ಲಿ ಗಂಡ ಹೆಂಡತಿ ಇಬ್ಬರೂ ಸಮಾನರು. ದನಕ್ಕೆ ಕಾಲು, ನಾಯಿಗೆ ಕಿವಿ, ನಮಗೆ ಹರಡು, ಹೀಗೆ ಯಾರಿಗೆ ಎಲ್ಲಿ ಎಂಬ ಲೆಕ್ಕವೂ ಪಕ್ಕಾ. ಲಿನೇಯಸ್ 1758ರಲ್ಲಿ ಇದಕ್ಕೆ ‘ಕ್ಯಾಲ್ಸಿಟ್ರಾನ್ಸ್’ ಎಂದು ಹೆಸರಿಟ್ಟ. ಲ್ಯಾಟಿನ್ನಿನಲ್ಲಿ ಹಾಗೆಂದರೆ ಒದೆಯುವುದು. ಒದೆಯುವುದು ನೊಣವಲ್ಲ, ಕಚ್ಚಿಸಿಕೊಂಡ ಹಸು; ಹೆಸರು ಮಾತ್ರ ನೊಣಕ್ಕೆ. ಆಫೀಸಿನಲ್ಲೂ ಹೀಗೇ ನಡೆಯುತ್ತಿತ್ತು. ಕೆಲಸ ಒಬ್ಬರದು, ಹೆಸರು ಇನ್ನೊಬ್ಬರಿಗೆ.

“ಹಾಗಾದರೆ ಪಕ್ಕದ ಮನೆ ಕೊಟ್ಟಿಗೆಯದೇ” ಎಂದೆ, ಕೇಸು ಗೆದ್ದವನಂತೆ.

“ಹಸಿ ಸಗಣಿಗಿಂತ ಕೊಳೆತ ಹುಲ್ಲು ಇದಕ್ಕೆ ಇಷ್ಟ ಸಾರ್. ಹುಲ್ಲು, ಸೊಪ್ಪು, ಸ್ವಲ್ಪ ಸಗಣಿ, ಗಂಜಲ ಸೇರಿ, ಒದ್ದೆಯಾಗಿ, ಒಳಗೆ ಬೆಚ್ಚಗೆ ಇರಬೇಕು. ಅಂಥಾದ್ದು ನಿಮ್ಮ ಮನೆ ಹತ್ತಿರ ಎಲ್ಲಾದರೂ ಇದೆಯಾ?”

ನಾನು ಮಾತಾಡಲಿಲ್ಲ. ಇವಳು ನನ್ನ ಮುಖ ನೋಡಿದಳು.

ನಿವೃತ್ತನಾದ ಮೇಲೆ ನಾನು ಕೈಹಾಕಿದ ಏಕೈಕ ಮಹತ್ಕಾರ್ಯವೆಂದರೆ ಹಿತ್ತಲಿನ ಕಾಂಪೋಸ್ಟು. ಕತ್ತರಿಸಿದ ಹುಲ್ಲು, ಉದುರಿದ ದರಗು, ಗೌಡರಲ್ಲೇ ಬೇಡಿ ತಂದ ಎರಡು ಬುಟ್ಟಿ ಸಗಣಿ. ದಿನವೂ ಪೈಪಿನಲ್ಲಿ ನೀರು. ಮೇಲೆ ಟಾರ್ಪಾಲಿನ ಹೊದಿಕೆ. ಕೂಸಿಗೆ ಸ್ನಾನ ಮಾಡಿಸಿ ಕುಲಾವಿ ಹಾಕುವ ಶ್ರದ್ಧೆಯಿಂದ ಅದನ್ನು ಸಾಕಿದ್ದೆ. ಮನೆಗೆ ಬಂದು ಗುದ್ದಲಿಯಿಂದ ಒಂದು ಹೆಂಟೆ ಕೆದಕಿದೆ. ಬಿಸಿ ಆವಿ ಎದ್ದಿತು. ಅಡಿಯಲ್ಲಿ ಬೆಂದ ಅಕ್ಕಿಯಂಥ ಬಿಳಿ ಹುಳುಗಳು ಗಿಜಿಗುಡುತ್ತಿದ್ದವು, ಪಕ್ಕದಲ್ಲಿ ಕಂದು ಬಣ್ಣದ ಕೋಶಗಳು. ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಬೆಚ್ಚಗಿನ ದಿನಗಳಲ್ಲಿ ಎರಡು ಮೂರು ವಾರ ಸಾಕಂತೆ. ನನ್ನ ಕಾಂಪೋಸ್ಟಿಗೆ ಆಗ ಎರಡು ತಿಂಗಳು. ಎಷ್ಟು ತಲೆಮಾರು ನನ್ನ ಅನ್ನ ತಿಂದು ನನ್ನ ನಾಯಿಯ ರಕ್ತ ಕುಡಿದವೋ, ಲೆಕ್ಕ ನೀವೇ ಹಾಕಿಕೊಳ್ಳಿ.

ರಾಶಿಯನ್ನು ಎಳೆದು ಬಿಸಿಲಿಗೆ ತೆಳ್ಳಗೆ ಹರಡಿದೆ. ಒಣಗಿದರೆ ಹುಳು ಉಳಿಯುವುದಿಲ್ಲ. ಸಂಜೆ ಲಕ್ಕಿಸೊಪ್ಪಿನ ಹೊಗೆ ಹಾಕಿದೆ. ಮಧ್ಯಾಹ್ನ ಟೈಗರಿಗೆ ಫ್ಯಾನಿನ ಕೆಳಗೇ ಹಾಸಿಗೆ, ಗಾಳಿ ಬೀಸುವಲ್ಲಿ ನೊಣ ಕೂರುವುದು ಕಷ್ಟ. ತಿಂಗಳೊಳಗೆ ಕಿವಿ ಮಾಗಿತು. ತುದಿಯಲ್ಲಿ ಮಾತ್ರ ಕೂದಲು ಪೂರ್ತಿ ಬರಲಿಲ್ಲ. ಹಳೇ ಛತ್ರಿಯ ಅಂಚಿನಂತೆ ಸ್ವಲ್ಪ ಸವೆದಿದೆ.

ಗೌಡರ ಕೊಟ್ಟಿಗೆಗೆ ನಾನು ಮೊದಲ ಸಲ ಕಾಲಿಟ್ಟದ್ದು ಆಮೇಲೆ. ಸಿಮೆಂಟ್ ನೆಲ, ದಿನಕ್ಕೆರಡು ಸಲ ತೊಳೆಯುತ್ತಾರೆ. ಸಗಣಿಯೆಲ್ಲ ನೇರ ಗೋಬರ್ ಗ್ಯಾಸಿನ ಗುಂಡಿಗೆ. ನಿಂತು ನೋಡುತ್ತಿದ್ದಾಗ ಗೌಡರು ಹಸುವಿನ ಕಾಲು ಸವರುತ್ತ ಹೇಳಿದರು:

“ಏನೋ ಮಾರಾಯ್ರೆ, ಎರಡು ತಿಂಗಳಿಂದ ಎಲ್ಲಿಂದಲೋ ನೊಣ ಬಂದು ದನ ನಿಂತಲ್ಲಿ ನಿಲ್ತಿರಲಿಲ್ಲ, ಹಾಲು ಕರೆಯೋಕೆ ಕೂತರೆ ಒದೀತಿತ್ತು. ಈಗೊಂದು ತಿಂಗಳಿಂದ ಪೂರಾ ಕಮ್ಮಿ. ಯಾರ ಪುಣ್ಯವೋ!”